ನಾಲ್ಕು ತೂತಿನ ಪ್ರಶ್ನೆ

ಒಂದು ಭಾನುವಾರ ರಾತ್ರಿ ಊಟ ಮುಗಿಸಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದ್ದೆ, ಅಷ್ಟರಲ್ಲಿ ಫೋನು ಬಂತು. ಅಮೆರಿಕದಿಂದ ನನ್ನ ಹಳೆಯ ವಿದ್ಯಾರ್ಥಿ. ಹತ್ತನೇ ತರಗತಿಯಲ್ಲಿ ಬೆಂಚಿನ ಮೇಲೆ ತಾಳ ಹಾಕಿ ನನ್ನಿಂದ ಬೈಸಿಕೊಳ್ಳುತ್ತಿದ್ದವನು ಈಗ ಎಂಜಿನಿಯರು. "ಸರ್, ಒಂದು ಸಲಹೆ ಬೇಕಿತ್ತು. ನನ್ನ ಗಿಟಾರಿಗೆ ನಾಲ್ಕು ತೂತು ಕೊರೆಯಲೋ ಬೇಡವೋ?" ಅಂದ.

"ಕೊರೆಯುವುದಕ್ಕೆ ಮುಂಚೆ ಕೇಳಿದೆಯಲ್ಲ, ಅಷ್ಟಾದರೂ ನನ್ನ ಪಾಠ ತಲೆಗೆ ಹತ್ತಿದೆ. ವಿಷಯ ಹೇಳಪ್ಪಾ" ಅಂದೆ.

ಅವನ ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದರಂತೆ. ಯಜಮಾನರು ತೀರಿಕೊಂಡ ಮೇಲೆ ಆಕೆ ಇವನನ್ನು ಕರೆದು, "ನುಡಿಸುವವರ ಕೈಗೆ ಹೋಗಲಿ" ಎಂದು ಗಂಡನ ಗಿಟಾರನ್ನು ಕೊಟ್ಟುಬಿಟ್ಟರು. 1966ರ ಫೆಂಡರ್ ಟೆಲಿಕಾಸ್ಟರ್. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1950ರಲ್ಲಿ ಹೊರತಂದ ಮಾದರಿ ಇದು. ಟೆಲಿಕಾಸ್ಟರ್ ಎಂಬ ಹೆಸರು ಬಂದದ್ದು 1951ರಲ್ಲಿ. ನಮ್ಮ ವೀಣೆಯಂತೆ ಕೊಡವಿಲ್ಲ, ಗಟ್ಟಿ ಮರದ ಹಲಗೆ. ಉಕ್ಕಿನ ತಂತಿ ಅದುರಿದಾಗ ಅದರ ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ತರಗತಿಯಲ್ಲಿ ನಾವು ಹೇಳುವ ಫ್ಯಾರಡೆಯ ಪಾಠವೇ.

ಹುಡುಗನ ಆಸೆ, ಈ ಗಿಟಾರಿಗೆ ಬಿಗ್ಸ್‌ಬಿ ಎಂಬ ಕೈಪಿಡಿಯನ್ನು ಕೂರಿಸಬೇಕೆಂದು. ಪಾಲ್ ಬಿಗ್ಸ್‌ಬಿ ಮೋಟಾರ್ ಸೈಕಲ್ ಹುಚ್ಚಿನ ಮನುಷ್ಯ, ಲೋಹದ ಕೆಲಸದಲ್ಲಿ ನುರಿತವನು. ಮರ್ಲ್ ಟ್ರಾವಿಸ್ ಎಂಬ ಹಾಡುಗಾರ ತನ್ನ ಗಿಟಾರಿನ ಇಂಥದ್ದೇ ಹಳೆಯ ಸಾಧನ ಶ್ರುತಿ ಕೆಡಿಸುತ್ತಿದೆಯೆಂದು ಅವನ ಬಳಿ ತಂದ. ಬಿಗ್ಸ್‌ಬಿ 1940ರ ದಶಕದ ಕೊನೆಯಲ್ಲಿ ತನ್ನದೇ ಹೊಸ ಸಾಧನ ಮಾಡಿಕೊಟ್ಟ. ತಂತಿಗಳ ಬಾಲ ಒಂದು ಉರುಳೆಗೆ ಸಿಕ್ಕಿಕೊಂಡಿರುತ್ತದೆ. ಉರುಳೆಗೆ ಒಂದು ಕೈ, ಕೈಯ ಕೆಳಗೆ ಸ್ಪ್ರಿಂಗು. ಕೈ ಒತ್ತಿದರೆ ತಂತಿ ಸಡಿಲಾಗಿ ಸ್ವರ ಇಳಿಯುತ್ತದೆ, ಬಿಟ್ಟರೆ ಮೇಲೇರುತ್ತದೆ. ಮೆಲ್ಲಗೆ ಆಡಿಸಿದರೆ ಸ್ವರ ತೂಗುತ್ತದೆ.

ಇದಕ್ಕೆ ಇಂಗ್ಲಿಷಿನಲ್ಲಿ ವೈಬ್ರಾಟೊ ಎನ್ನಬೇಕು. ಸ್ವರದ ಎತ್ತರ ಬದಲಾದರೆ ವೈಬ್ರಾಟೊ, ದನಿ ಜೋರು-ಮೆಲ್ಲಗೆ ಆದರೆ ಟ್ರೆಮೊಲೊ. ಆದರೆ ಫೆಂಡರ್ 1954ರ ತನ್ನ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನ ಇಂಥ ಸಾಧನಕ್ಕೆ ಟ್ರೆಮೊಲೊ ಎಂದು ಹೆಸರಿಟ್ಟ. ಎರಡು ಪ್ರಶ್ನೆಗಳ ಉತ್ತರವನ್ನು ಅದಲುಬದಲು ಬರೆದ ಹುಡುಗನ ಹಾಗೆ. ಆ ತಪ್ಪು ಇವತ್ತಿಗೂ ಅಂಗಡಿಗಳಲ್ಲಿ ಚಾಲ್ತಿಯಲ್ಲಿದೆ.

"ತಂತಿ ಎಷ್ಟು ಸಡಿಲಾಗಬೇಕು ಗೊತ್ತೇನು?" ಎಂದೆ. ಮೇಷ್ಟ್ರ ಚಾಳಿ ಬಿಡುತ್ತದೆಯೇ? ಸ್ವರ ಹೋಗುವುದು ಬಿಗಿತದ ವರ್ಗಮೂಲದ ಲೆಕ್ಕದಲ್ಲಿ. ಹನ್ನೆರಡರಲ್ಲಿ ಒಂದು ಸ್ವರಸ್ಥಾನ ಇಳಿಯಬೇಕಾದರೆ ಆವೃತ್ತಿ ಶೇಕಡಾ 5.6ರಷ್ಟು ತಗ್ಗಬೇಕು, ಅದಕ್ಕೆ ಬಿಗಿತ ಸುಮಾರು ಶೇಕಡಾ 11ರಷ್ಟು ಕಡಿಮೆಯಾಗಬೇಕು. ಗಿಟಾರಿನ ಆರು ತಂತಿಗಳು ಒಟ್ಟಿಗೆ ಸುಮಾರು 45 ಕೆ.ಜಿ. ಭಾರದಷ್ಟು ಎಳೆಯುತ್ತಿರುತ್ತವೆ. ಒಂದು ಸಿಮೆಂಟು ಚೀಲಕ್ಕೆ ಸ್ವಲ್ಪ ಕಡಿಮೆ. ಅದನ್ನು ಎಡಬಿಡದೆ ಸಡಿಲಿಸಿ ಬಿಗಿದರೆ, ತಂತಿ ಹಾಯುವ ಗಾಡಿಯಲ್ಲಿ ಘರ್ಷಣೆಗೆ ಸಿಕ್ಕಿ ಮೊದಲಿನ ಜಾಗಕ್ಕೆ ಮರಳದೆ ಶ್ರುತಿ ತಪ್ಪುವುದೇ ದೊಡ್ಡ ತಲೆನೋವು. ಪೆನ್ಸಿಲ್ಲಿನ ಸೀಸವನ್ನು ಆ ಗಾಡಿಗೆ ಉಜ್ಜುವುದು ವಾದ್ಯಗಾರರ ಹಳೆಯ ಉಪಾಯ. ಗ್ರಾಫೈಟ್ ಒಣ ಎಣ್ಣೆಯಂತೆ ಕೆಲಸ ಮಾಡುತ್ತದೆ.

"ಅದೆಲ್ಲ ಸರಿ ಸರ್, ತೂತು?" ಅಂದ.

ಟೆಲಿಕಾಸ್ಟರಿನಲ್ಲಿ ತಂತಿಗಳು ಬೆನ್ನಿನ ಕಡೆಯಿಂದ ಮರದ ಮೂಲಕ ತೂರಿ ಕುದುರೆಯ ಮೇಲೆ ಬರುತ್ತವೆ. ಬಿಗ್ಸ್‌ಬಿ ಕೂರಿಸಲು ಎದೆಯ ಮೇಲೆ ನಾಲ್ಕು ತಿರುಪು ಹೊಡೆಯಬೇಕು. ಅರವತ್ತು ವರ್ಷದ ಹಿಂದಿನ ಮೆರುಗು, ಅದರ ಸಣ್ಣ ಬಿರುಕುಗಳು, ಹಳೆಯ ಯಜಮಾನರ ಮೊಣಕೈ ತಾಗಿ ಸವೆದ ಗುರುತು, ಇವುಗಳ ನಡುವೆ ನಾಲ್ಕು ಹೊಸ ತೂತು. ಕೊರೆದರೆ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. "ಬೆಲೆಯ ಚಿಂತೆಯಿಲ್ಲ, ನಾನು ಮಾರುವವನಲ್ಲ. ಆದರೆ ಆ ಅಜ್ಜಿ ನೋಡಿದರೆ?" ಅಂದ. ಅವನನ್ನು ಕಾಡುತ್ತಿದ್ದದ್ದು ಇದು.

ಕೊರೆಯಲೇಬಾರದು ಎಂದು ಹೇಳಿಬಿಡುವುದು ಸುಲಭ. ಆದರೆ ಕೊರೆದದ್ದರಿಂದಲೇ ಬಂದ ಸಂಗೀತವೂ ಉಂಟು. 1960ರ ದಶಕದ ಕೊನೆಯಲ್ಲಿ ಕ್ಲಾರೆನ್ಸ್ ವೈಟ್ ಎಂಬ ವಾದಕನ ಟೆಲಿಕಾಸ್ಟರಿಗೆ ಅವನ ಗೆಳೆಯ ಜೀನ್ ಪಾರ್ಸನ್ಸ್ ಸನ್ನೆಕೋಲು, ಸ್ಪ್ರಿಂಗು ಕೂರಿಸಿ, ಅದನ್ನು ಮುಚ್ಚಲು ಬೆನ್ನಿಗೆ ಇನ್ನೊಂದು ಹಲಗೆಯನ್ನೇ ಸೇರಿಸಿದ. ಹೆಗಲ ಪಟ್ಟಿಯನ್ನು ಜಗ್ಗಿದರೆ ಒಂದೇ ಒಂದು ತಂತಿಯ ಸ್ವರ ಏರುತ್ತಿತ್ತು. ಆ ನಾದವನ್ನು ಕೇಳಿ ಎಷ್ಟೋ ಜನ ಬೆರಗಾದರು. ಆ ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಿದ್ದರೆ ಆ ನಾದ ಹುಟ್ಟುತ್ತಲೇ ಇರಲಿಲ್ಲ. ವಾದ್ಯ ಇರುವುದು ನುಡಿಸಲಿಕ್ಕೆ, ಪೂಜೆಗಲ್ಲ.

ಆಗ ನನ್ನದೇ ಒಂದು ಪಾಪ ನೆನಪಾಯಿತು. 1997ರಲ್ಲಿ ಹೊಸ ಮೇಷ್ಟ್ರು ನಾನು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ತೇಗದ ಹಳೆಯ ಸೋನೋಮೀಟರ್ ಇತ್ತು, ಒಂದೇ ತಂತಿಯದು. ಎರಡು ತಂತಿಗಳನ್ನು ಹೋಲಿಸಿ ತೋರಿಸಬೇಕೆಂಬ ಹುರುಪಿನಲ್ಲಿ ಇನ್ನೊಂದು ಬಿರಡೆಗೆಂದು ತೂತು ಕೊರೆದೆ. ಹಲಗೆ ಉದ್ದಕ್ಕೆ ಸೀಳಿತು. ಅಂಟು ಹಾಕಿದೆ, ಮೊಳೆ ಹೊಡೆದೆ, ಏನು ಮಾಡಿದರೂ ತಂತಿ ಮೀಟಿದಾಗ ಪೆಟ್ಟಿಗೆ ಗರ್ ಎನ್ನುವುದು ನಿಲ್ಲಲಿಲ್ಲ. ಮುಖ್ಯೋಪಾಧ್ಯಾಯರು ಬೈಯಲಿಲ್ಲ. "ಇನ್ನೊಂದು ಪೆಟ್ಟಿಗೆಯಲ್ಲಿ ಮಾಡಿ ನೋಡಬಹುದಿತ್ತಲ್ಲ ಮೇಷ್ಟ್ರೇ" ಅಂದರು, ಅಷ್ಟೆ.

ಐಸು ಕರಗಿದರೆ ಮತ್ತೆ ಐಸು ಮಾಡಬಹುದು, ಸುಟ್ಟ ಕಾಗದವನ್ನು ಮತ್ತೆ ಕಾಗದ ಮಾಡಲಾಗದು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಕೊರೆದ ಮರ ಎರಡನೇ ಜಾತಿಯದು. ಆದ್ದರಿಂದ ಅವನಿಗೆ ಹೇಳಿದೆ: ಹಿಂದಕ್ಕೆ ಬರಬಹುದಾದ ದಾರಿ ಇರುವಾಗ ಮೊದಲು ಅದನ್ನು ಹಿಡಿ. ಕುದುರೆಯ ಹಳೆಯ ತಿರುಪು ತೂತುಗಳನ್ನೇ ಬಳಸಿ ಬಿಗ್ಸ್‌ಬಿ ಕೂರಿಸುವ ಲೋಹದ ಪಟ್ಟಿಗಳು ಈಗ ಸಿಗುತ್ತವೆ. ಅದನ್ನು ಹಾಕಿ ಆರು ತಿಂಗಳು ನುಡಿಸು. ಬಿಚ್ಚಿದ ಪ್ರತಿಯೊಂದು ತಿರುಪನ್ನೂ ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು ಬರೆದಿಡು. ಬೇಡವೆನಿಸಿದರೆ ಅರ್ಧ ಗಂಟೆಯಲ್ಲಿ ಮೊದಲಿನಂತಾಗುತ್ತದೆ. ಬೇಕೇಬೇಕು ಅನಿಸಿದರೆ, ಆಗ ಅಜ್ಜಿಯನ್ನು ಕೇಳಿ ಕೊರೆ.

ಎರಡು ವಾರ ಬಿಟ್ಟು ಮತ್ತೆ ಫೋನು. ಪಟ್ಟಿ ಹಾಕಲು ಕುದುರೆ ಬಿಚ್ಚಿದನಂತೆ. ಅದರ ಅಡಿಯಲ್ಲಿ ಬೆಂಕಿಕಡ್ಡಿ ತುರುಕಿ ಮುಚ್ಚಿದ ಎರಡು ಹಳೆಯ ತೂತು! ಪಕ್ಕದ ಮನೆಗೆ ಓಡಿ ತೋರಿಸಿದ್ದಾನೆ. ಆಕೆ ನಕ್ಕು, "ಅವರೂ ಒಮ್ಮೆ ಬೇರೇನೋ ಕೂರಿಸಿದ್ದರು. ಹಿಡಿಸಲಿಲ್ಲ, ಮೊದಲಿನದನ್ನೇ ಹಾಕಿಕೊಂಡರು" ಅಂದರಂತೆ. ಹಳೆಯ ಕುದುರೆಯನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ ತಾನೆ ಅವರಿಗೆ ಮರಳಲು ಸಾಧ್ಯವಾದದ್ದು?

"ಹಾಗಾದರೆ ಈಗ ಕೊರೆಯಬಹುದಲ್ಲವೇ ಸರ್?" ಎಂದು ತಮಾಷೆ ಮಾಡಿದ. ಆರು ತಿಂಗಳು ಮುಗಿಯಲಿ ಅಂದೆ.

ನಮ್ಮ ಸೋನೋಮೀಟರ್ ಇನ್ನೂ ಕಪಾಟಿನಲ್ಲಿದೆ. ಧ್ವನಿಯ ಪಾಠ ಬಂದಾಗ ಪ್ರತಿ ವರ್ಷ ಹೊರತೆಗೆಯುತ್ತೇನೆ. ಯಾರಾದರೊಬ್ಬ ಹುಡುಗ "ಇದ್ಯಾಕೆ ಸಾರ್ ಗರ್ ಅನ್ನುತ್ತೆ?" ಎಂದು ಕೇಳಿಯೇ ಕೇಳುತ್ತಾನೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.