ಚಿಕ್ಕ ಎಂಜಿನ್ನಿನ ದೊಡ್ಡ ಭ್ರಮೆ

ಬಳಗದ ವ್ಯಾನಿನ ಡೀಸೆಲ್ ಎಂಜಿನ್ನನ್ನು ಇಳಿಸಿ ಚಿಕ್ಕದೊಂದನ್ನು ಕೂರಿಸಿದರೆ ಇಂಧನ ಉಳಿಯುತ್ತದೆ, ಪರಿಸರಕ್ಕೂ ಹಿತ ಎಂಬ ವಾದ ನಮ್ಮಲ್ಲೇ ಬಲವಾಗಿ ಕೇಳಿಬರುತ್ತಿದೆ. ದೊಡ್ಡದನ್ನು ಕಂಡರೆ ಸಂಶಯಪಡುವುದು ಪರಿಸರವಾದಿಗಳ ಹುಟ್ಟುಗುಣ. ಅಣೆಕಟ್ಟಿನ ವಿಷಯದಲ್ಲಿ ಅದು ಸರಿಯೇ. ಘಟ್ಟದ ಏರಿಗೆ ಮಾತ್ರ ನಮ್ಮ ಸಿದ್ಧಾಂತಗಳ ಪರಿಚಯವಿಲ್ಲ.

ಲೆಕ್ಕವನ್ನೇ ನೋಡೋಣ. ಗೊಬ್ಬರದ ಚೀಲ, ಸಸಿ, ಜನ ಎಲ್ಲ ಸೇರಿ ಎರಡು ಟನ್ ತೂಗುವ ವ್ಯಾನು ಆಗುಂಬೆಯಂಥ ಘಟ್ಟದಲ್ಲಿ 500 ಮೀಟರ್ ಎತ್ತರಕ್ಕೇರಲು ಸುಮಾರು 98 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲಿನಲ್ಲಿರುವುದು ಸುಮಾರು 360 ಲಕ್ಷ ಜೂಲ್, ಅದರಲ್ಲಿ ಶೇ. 30ರಷ್ಟು ಚಕ್ರಕ್ಕೆ ಮುಟ್ಟಿದರೆ ಪುಣ್ಯ. ಅಂದರೆ ಬರಿಯ ಏರಿಗೇ ಸುಮಾರು 900 ಮಿಲಿಲೀಟರ್. ಈ ಲೆಕ್ಕದಲ್ಲಿ ತೂಕವಿದೆ, ಎತ್ತರವಿದೆ. ಸಿಲಿಂಡರಿನ ಗಾತ್ರ ಎಲ್ಲಿಯೂ ಇಲ್ಲ. ಹೊಸ ಎಂಜಿನ್ನು 50 ಕೆ.ಜಿ. ಹಗುರವೆಂದೇ ಇಟ್ಟುಕೊಳ್ಳಿ, ಎರಡು ಟನ್ನಿನಲ್ಲಿ ಅದು ಶೇ. 2.5 ಮಾತ್ರ.

ಚಿಕ್ಕ ಎಂಜಿನ್ನಿಗೂ ಅದರದೇ ಸ್ಥಾನವಿದೆ. ಪೆಟ್ರೋಲ್ ವಾಹನ ಬಯಲಿನಲ್ಲಿ ಹಗುರ ಹೊರೆಯೊಡನೆ ಓಡುವಾಗ ಥ್ರಾಟಲ್ ಅರೆಮುಚ್ಚಿರುತ್ತದೆ. ಆ ಕಿರುದಾರಿಯಿಂದ ಗಾಳಿಯನ್ನು ಎಳೆದುಕೊಳ್ಳುವುದಕ್ಕೇ ದೊಡ್ಡ ಎಂಜಿನ್ನು ಶಕ್ತಿ ವ್ಯಯಿಸುತ್ತದೆ. ಅಲ್ಲಿ ಚಿಕ್ಕದು ಗೆಲ್ಲುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಈ ನಷ್ಟ ಮೊದಲೇ ಅಲ್ಪ, ನಮ್ಮ ರಸ್ತೆಯಂತೂ ಬಯಲಲ್ಲ. ಪಂಪ್‌ಸೆಟ್ಟಿನ ಅಶ್ವಶಕ್ತಿಯನ್ನು ನೀರೆತ್ತುವ ಎತ್ತರಕ್ಕೆ ತಕ್ಕಷ್ಟೇ ಇಟ್ಟುಕೊಳ್ಳಿ ಎಂದು ನಾನೇ ರೈತರಿಗೆ ಹೇಳುತ್ತ ಬಂದಿದ್ದೇನೆ. ಆದರೆ ಪಂಪು ದಿನವಿಡೀ ಒಂದೇ ಎತ್ತರಕ್ಕೆ ನೀರೆತ್ತುತ್ತದೆ. ವ್ಯಾನಿಗೆ ಆ ಭಾಗ್ಯವಿಲ್ಲ. ತಿರುವು ತಿರುವಿಗೂ ಎರಡನೆಯ ಗೇರಿಗಿಳಿದು ಚೀರುವ ಎಂಜಿನ್ನು ಮಿತವ್ಯಯಿ ಹೇಗಾದೀತು?

ಇಳಿಜಾರಿನ ಮಾತನ್ನಂತೂ ಯಾರೂ ಎತ್ತುತ್ತಿಲ್ಲ. ಘಟ್ಟ ಇಳಿಯುವಾಗ ಗೇರಿನಲ್ಲಿರುವ ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ಗಾತ್ರ ಕುಗ್ಗಿದರೆ ಹಿಡಿತವೂ ಕುಗ್ಗಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕು ಹೇರ್‌ಪಿನ್ ತಿರುವಿನಲ್ಲಿ ಕೈಕೊಟ್ಟರೆ, ಉಳಿಸಿದ ಡೀಸೆಲನ್ನು ಯಾರ ಲೆಕ್ಕಕ್ಕೆ ಬರೆಯೋಣ?

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಕುದುರೆಮುಖದ ಗಣಿಗಾರಿಕೆಗೆ 2005ರ ಕೊನೆಯಲ್ಲಿ ತೆರೆಬಿದ್ದುದು ಇದೇ ನ್ಯಾಯಾಲಯದ ಆದೇಶದಿಂದ. ಆ ಆದೇಶವನ್ನು ಭಾಷಣಗಳಲ್ಲಿ ಕೊಂಡಾಡುವ ನಾವು ಈ ಆದೇಶವನ್ನು ಗ್ಯಾರೇಜಿನ ಹಿಂಬಾಗಿಲಲ್ಲಿ ಮರೆಯುವುದು ಯಾವ ನೀತಿ?

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದು ತಗ್ಗಬೇಕೆಂಬುದರಲ್ಲಿ ಭಿನ್ನಮತವಿಲ್ಲ. ಎಂಜಿನ್ನಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಇಂಜೆಕ್ಟರು ಸರಿಪಡಿಸಲಿ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಲಿ, ಖಾಲಿಯಿದ್ದಾಗಲೂ ಮಾಡಿನ ಮೇಲೆ ಮೆರೆಯುವ ಕ್ಯಾರಿಯರನ್ನು ಕಳಚಲಿ. ಗೊಬ್ಬರ ಒಂದು ದಿನ, ಸಸಿ ಇನ್ನೊಂದು ದಿನ ಎಂಬ ವಿಲಾಸ ನಿಲ್ಲಲಿ. ತೀರ್ಥಹಳ್ಳಿಯ ಸಭೆಗೆ ಇಬ್ಬರೇ ಹೊರಟಿದ್ದರೆ ಬಸ್ಸಿದೆ.