ರಜೆಯನ್ನು ಮಕ್ಕಳಿಗೆ ಬಿಟ್ಟುಕೊಡಿ

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿಯುವ ಮೊದಲೇ ನಮ್ಮ ಊರುಗಳ ಗೋಡೆಗಳ ಮೇಲೆ ಬೇಸಿಗೆ ಶಿಬಿರಗಳ ಪೋಸ್ಟರುಗಳು ಬಂದು ಕೂರುತ್ತವೆ. ಅಬಾಕಸ್, ಕೈಬರಹ ಸುಧಾರಣೆ, ಸ್ಪೋಕನ್ ಇಂಗ್ಲಿಷ್, ಕೋಡಿಂಗ್, ಕೊನೆಗೆ ವ್ಯಕ್ತಿತ್ವ ವಿಕಸನ. ಐದು ವರ್ಷದ ಮಗುವಿನ ವ್ಯಕ್ತಿತ್ವವನ್ನು ಇಪ್ಪತ್ತು ದಿನಗಳಲ್ಲಿ ವಿಕಸನಗೊಳಿಸಿ, ಪ್ರಮಾಣಪತ್ರ ಕೊಟ್ಟು, ಗ್ರೂಪ್ ಫೋಟೋ ತೆಗೆಸಿ ಮನೆಗೆ ಕಳುಹಿಸುತ್ತಾರಂತೆ! ಮೊಗ್ಗನ್ನು ಬೆರಳಿನಿಂದ ಬಿಡಿಸಿ ಹೂವು ಮಾಡುವ ವಿದ್ಯೆ ಇದು. ಬಿಡಿಸಿದ್ದು ಹೂವಾಗುವುದಿಲ್ಲ, ಮೊಗ್ಗಂತೂ ಉಳಿಯುವುದಿಲ್ಲ.

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಈ ರಜೆಯನ್ನು ಶಾಲೆ, ಟ್ಯೂಷನ್ ಮತ್ತು ಶಿಬಿರಗಳು ಸೇರಿ ವರ್ಷದ ಮೂರನೆಯ ಅವಧಿಯನ್ನಾಗಿ ಮಾಡಿಬಿಟ್ಟಿವೆ. ನಾವು ಹೇಳುವುದು ಇಷ್ಟೇ: ಎಂಟು ವರ್ಷದೊಳಗಿನ ಮಕ್ಕಳಿಗೆ ಬೇಸಿಗೆಯಲ್ಲಿ ಬೇಕಾದದ್ದು ವೇಳಾಪಟ್ಟಿಯಲ್ಲ. ನೆರಳು, ನೀರು, ಜೊತೆಗಾರರು ಮತ್ತು ಯಾರೂ ಲೆಕ್ಕ ಕೇಳದ ಸಮಯ. ಇದು ಶ್ರೀಮಂತರ ಮಕ್ಕಳಿಗೆ ಮಾತ್ರ ಸಲ್ಲುವ ಭೋಗವಲ್ಲ, ಎಲ್ಲ ಮಕ್ಕಳ ಹಕ್ಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿಯನ್ನೂ ಆಟವನ್ನೂ ಹಕ್ಕೆಂದೇ ಕರೆದಿದೆ. 1992ರಲ್ಲಿ ಭಾರತವೂ ಅದಕ್ಕೆ ಒಪ್ಪಿದೆ.

ಈ ಮಾತು ಹೊಸದೇನಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಾತನಾಡಲು ಎದ್ದು ನಿಂತಾಗ ಆಯ್ದುಕೊಂಡ ವಿಷಯ ಮಕ್ಕಳ ಬೆನ್ನ ಮೇಲಿನ ಪುಸ್ತಕದ ಹೊರೆ. ಆಮೇಲೆ ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಮಕ್ಕಳು ಆಟದ ಮೂಲಕವೇ ಕಲಿಯಬೇಕೆಂದು ಹೇಳಿತು. ವರದಿಗಳು ದಪ್ಪವಾದವು, ಬ್ಯಾಗುಗಳೂ ದಪ್ಪವಾದವು.

ಆಟ ಕಲಿಕೆಯಲ್ಲ ಎನ್ನುವವರು ಚೌಕಾಬಾರದ ಮುಂದೆ ಒಂದು ಗಳಿಗೆ ಕುಳಿತು ನೋಡಲಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿದ ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಮನೆಯಲ್ಲಿ ಉರ್ದು ಆಡುವ ಮಗು, "ಬಾರಾ ಅಂದರೆ ಹನ್ನೆರಡಲ್ಲವೇ?" ಎಂದು ಜಗಳ ತೆಗೆಯುತ್ತದೆ. ಆ ಜಗಳವೂ ಪಾಠವೇ. ಎಣಿಸುವುದು, ಕಾಯುವುದು, ಸೋಲುವುದು, ಸೋತ ಮೇಲೂ ಎದ್ದು ಹೋಗದೆ ಕೂರುವುದು, ಇಷ್ಟನ್ನೂ ಒಂದೇ ಮಧ್ಯಾಹ್ನದಲ್ಲಿ ಕಲಿಸುವ ಅಬಾಕಸ್ ಕೇಂದ್ರ ಎಲ್ಲಿದೆ?

ಅಳಗುಳಿಮಣೆಯ ಹದಿನಾಲ್ಕು ಗುಳಿಗಳೂ ಇದೇ ಕೆಲಸ ಮಾಡುತ್ತವೆ. ಹುಣಸೆ ಬೀಜವೇ ಸಾಕು, ವಿಷವಿರುವ ಗುಲಗಂಜಿ ಬೇಡ. ಮೂರು ವರ್ಷದೊಳಗಿನ ಕೂಸುಗಳ ಕೈಗೆ ಯಾವ ಬೀಜವನ್ನೂ ಕೊಡಬಾರದು. ಅವರಿಗೆ ತೂತಾದ ಡಬ್ಬಿ, ಬಕೆಟ್ಟಿನ ತಳದಲ್ಲಿ ನಾಲ್ಕು ಚೊಂಬು ನೀರು, ಹತ್ತಿರದಲ್ಲಿ ಕಣ್ಣಿಟ್ಟ ಒಬ್ಬ ದೊಡ್ಡವರು ಇದ್ದರೆ ಸಾಕು. ಚಪಾತಿ ಹಿಟ್ಟಿನ ಒಂದು ಉಂಡೆ ಕೊಟ್ಟರೆ ಅದು ಹಾವಾಗುತ್ತದೆ, ಹಕ್ಕಿಯಾಗುತ್ತದೆ, ಕಡೆಗೆ ಅಂಕುಡೊಂಕಾದ ರೊಟ್ಟಿಯಾಗುತ್ತದೆ.

ಆಕಾಶವೂ ರಜೆಯಲ್ಲಿ ಪಾಠ ಮಾಡುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ, ಕಲಬುರಗಿಯಲ್ಲಿ ಮೇ ಎರಡನೆಯ ವಾರದಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ದಿನ ನಡುಹಗಲು ನೆರಳೇ ಇರುವುದಿಲ್ಲ. ಬೆಳಗ್ಗೆಯಿಂದ ಆಗಾಗ ನೆರಳಿನ ತುದಿಗೆ ಕಲ್ಲಿಟ್ಟು ಬಂದ ಮಗು, ಕೊನೆಗೆ ಕಲ್ಲಿಡಲು ಜಾಗವೇ ಇಲ್ಲವೆಂದು ಕಂಡು "ಎಲ್ಲಿ ಹೋಯಿತು?" ಎಂದು ಕೇಳುತ್ತದೆ. ಆ ಪ್ರಶ್ನೆಗೆ ಯಾವ ಶುಲ್ಕವೂ ಇಲ್ಲ.

ರಜೆಯಲ್ಲಿ ಬಿಟ್ಟರೆ ಮಕ್ಕಳು ಕಲಿತದ್ದನ್ನೆಲ್ಲ ಮರೆಯುತ್ತಾರೆ ಎಂಬ ವಾದವಿದೆ. ಒಂದೂವರೆ ತಿಂಗಳಲ್ಲಿ ಪೂರ್ತಿ ಆವಿಯಾಗುವುದಾದರೆ ಅದು ಕಲಿತದ್ದಲ್ಲ, ಬಾಯಿಪಾಠ ಮಾಡಿದ್ದು. ಓದು ಮರೆಯಬಾರದೆಂಬ ಕಾಳಜಿ ನಿಜವಾದದ್ದಾದರೆ ಪುಸ್ತಕ ಓದಿ ಹೇಳಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯದ ಬಾಗಿಲು ತೆರೆಯಿತು. ಅಲ್ಲಿಗೆ ಕೈಹಿಡಿದು ಕರೆದೊಯ್ಯಲು ಎಷ್ಟು ತಂದೆಯಂದಿರಿಗೆ ಪುರುಸೊತ್ತಿದೆ? ಪುಸ್ತಕವೂ ಇಲ್ಲವೆಂದರೆ ಅಜ್ಜಿಯ ಒಗಟು, ನಾನಿಯ ಪಹೇಲಿ ಇದೆ. ಎರಡು ಭಾಷೆಯ ಒಗಟು ಬಿಡಿಸಿದ ಮಗುವಿಗೆ ಮೂರನೆಯ ಭಾಷೆಯ ಹೆದರಿಕೆ ಇರುವುದಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ತಂದೆತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಮಗುವನ್ನು ಬಿಡುವುದೆಲ್ಲಿ? ಬಿಟ್ಟರೆ ಅದು ಮೊಬೈಲು ಹಿಡಿಯುತ್ತದೆ. ಈ ಕಷ್ಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದೂ, ಮೂರು ನಾಲ್ಕು ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈಚಲನೆಯಲ್ಲಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಮೊಬೈಲಿಗೆ ಉತ್ತರ ಕೋಚಿಂಗ್ ಅಲ್ಲ. ಬೇಕಾದದ್ದು ಸುರಕ್ಷಿತ ಜಾಗ, ಅಕ್ಕರೆಯ ಕಣ್ಣು. ಮಗುವಿನ ಕೈಗೆ ಬಣ್ಣ, ಮಣ್ಣು, ಮುಖವಾಡ ಕೊಟ್ಟು ದೂರ ನಿಲ್ಲುವ ಶಿಬಿರದ ಬಗ್ಗೆ ನಮಗೆ ತಕರಾರಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಆ ದಾರಿಯದು. ನಮ್ಮ ತಕರಾರು ಶಾಲೆಗೆ ಶಿಬಿರವೆಂಬ ಹೊಸ ಬೋರ್ಡು ತಗುಲಿಸುವವರ ಮೇಲೆ.

ನಮ್ಮ ಮೊಹಲ್ಲಾಗಳಿಗೂ ಎರಡು ಮಾತು ಹೇಳಬೇಕು. ಬೆಳಗ್ಗೆ ದೀನೀ ಶಿಬಿರ, ಮಧ್ಯಾಹ್ನ ಇಂಗ್ಲಿಷ್ ಶಿಬಿರ, ಸಂಜೆ ಟ್ಯೂಷನ್ ಎಂದರೆ ಆರು ವರ್ಷದ ಮಗು ಉಸಿರಾಡುವುದು ಯಾವಾಗ? ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದರೆ ಅವನು ತಾನಾಗಿ ಇಳಿಯುವವರೆಗೆ ಪ್ರವಾದಿವರ್ಯರು ತಲೆ ಎತ್ತಲಿಲ್ಲವೆಂದು ಹದೀಸಿನಲ್ಲಿದೆ. ಮಗುವಿನ ಆಟಕ್ಕಾಗಿ ನಮಾಝೇ ಕಾದಿರುವಾಗ ನಮ್ಮ ಸಿಲೆಬಸ್ ಕಾಯಲಾರದೇ?

ಎರಡನೆಯ ಮಾತು ಹೆಣ್ಣುಮಕ್ಕಳದ್ದು. ರಜೆ ಬಂತೆಂದರೆ ಅಣ್ಣ ಗೋಲಿ, ಬುಗುರಿ, ಬ್ಯಾಟು ಹಿಡಿದು ಬೀದಿಗೆ ಇಳಿಯುತ್ತಾನೆ, ತಂಗಿಯ ಸೊಂಟಕ್ಕೆ ಕೂಸು ಏರುತ್ತದೆ. ಏಳೆಂಟು ವರ್ಷಕ್ಕೇ "ನೀನು ದೊಡ್ಡವಳಾದೆ" ಎಂದು ಅಂಗಳದ ಬಾಗಿಲು ಮುಚ್ಚುತ್ತದೆ. ಇದು ಒಂದು ಸಮುದಾಯದ ಕಾಯಿಲೆಯಲ್ಲ, ಎಲ್ಲ ಜಾತಿ ಧರ್ಮಗಳ ಮನೆಗಳಲ್ಲೂ ಇದೆ. ಕುಂಟೆಬಿಲ್ಲೆಯ ಎಂಟು ಚೌಕವನ್ನೂ ಕೊಡಲಾರದ ಸಮಾಜ ಆಕೆಗೆ ಮುಂದೆ ಏನನ್ನು ಕೊಟ್ಟೀತು?

ಇನ್ನು ರಜೆಯೆಂದರೆ ದುಡಿಮೆ ಎಂದೇ ತಿಳಿದ ಮಕ್ಕಳಿದ್ದಾರೆ. ಅಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವವರು, ಸಂತೆಯಲ್ಲಿ ತರಕಾರಿ ಅಂಗಡಿ ಕಾಯುವವರು, ಅಮ್ಮನ ಜೊತೆ ಕೂತು ಹೂ ಕಟ್ಟುವವರು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರೊಳಗಿನವರ ದುಡಿಮೆಯನ್ನು ನಿಷೇಧಿಸುತ್ತಲೇ, ಅಪಾಯಕಾರಿಯಲ್ಲದ ಮನೆಯ ಉದ್ಯಮದಲ್ಲಿ ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ನೆರವಾಗಬಹುದೆಂದು ಬಾಗಿಲು ತೆರೆದಿಟ್ಟಿತು. ಅಂದರೆ ಬಡವರ ಮಕ್ಕಳ ರಜೆಯನ್ನು ಕಾನೂನೇ ಬರೆದುಕೊಟ್ಟಿದೆ. ಉಳ್ಳವರ ಮಗುವಿನ ಬೇಸಿಗೆಯನ್ನು ಶಿಬಿರ ನುಂಗಿದರೆ, ಇಲ್ಲದವರ ಮಗುವಿನ ಬೇಸಿಗೆಯನ್ನು ಕಸುಬು ನುಂಗುತ್ತದೆ. ಮೊದಲನೆಯದರ ಬಗ್ಗೆ ಲೇಖನ ಬರೆದು ಎರಡನೆಯದರ ಬಗ್ಗೆ ಸುಮ್ಮನಿರುವುದು ಆತ್ಮವಂಚನೆ.

ಆದ್ದರಿಂದ ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಸರಕಾರಿ ಶಾಲೆಗಳ ಅಂಗಳ ಬೇಸಿಗೆಯ ಬೆಳಗು ಸಂಜೆಗಳಲ್ಲಿ ತೆರೆದಿರಲಿ, ಕಾಯಲು ಒಬ್ಬರಿರಲಿ, ಅವರಿಗೆ ಸಂಬಳವಿರಲಿ. ಕುಡಿಯುವ ನೀರು, ಬಾಗಿಲಿರುವ ಶೌಚಾಲಯ ಇರಲಿ, ಹೆಣ್ಣುಮಕ್ಕಳು ಬರುವುದು ಬಿಡುವುದು ಅದರ ಮೇಲೆ ನಿಂತಿದೆ. ರಜೆಯಲ್ಲೂ ಹಸಿವೆ ಇರುತ್ತದೆಂದು ನೆನಪಿಟ್ಟು ಒಂದು ಹೊತ್ತು ಉಣಿಸುವ ವ್ಯವಸ್ಥೆಯಾಗಲಿ. ಮಸೀದಿ, ಮಂದಿರ, ಚರ್ಚುಗಳ ಖಾಲಿ ಜಾಗಗಳಲ್ಲಿ ಎಲ್ಲರ ಮಕ್ಕಳೂ ಲಗೋರಿ ಆಡಲಿ. ಏಳು ಕಲ್ಲುಗಳನ್ನು ಒಟ್ಟಿಗೆ ಪೇರಿಸಿದ ಮಕ್ಕಳನ್ನು ದೊಡ್ಡವರಾದ ಮೇಲೆ ಬೇರೆ ಬೇರೆ ಕೇರಿಗಳಿಗೆ ಅಟ್ಟುವುದು ಅಷ್ಟು ಸುಲಭವಲ್ಲ. ಈ ನಾಡಿಗೆ ಈಗ ಬೇಕಾಗಿರುವ ವ್ಯಕ್ತಿತ್ವ ವಿಕಸನ ಅದೇ.