ಕೊನೆಗೆ ಕೈ ಹಾಕಿದ್ದು ಎಲ್ಲಿಗೆ?

ಮನೇಲಿ ನಾವೇ ಸರ್ವಿಸ್ ಮಾಡಿದ ಮೇಲೆ ಕಾರು ಕೈಕೊಟ್ಟರೆ ಮೊದಲು ಬೈಗುಳ ಬರೋದು ಮನೆಯಿಂದ: "ನಿಂಗ್ಯಾಕೋ ಬೇಕಿತ್ತು ಇದೆಲ್ಲ? ಗ್ಯಾರೇಜಿಗೆ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?" ಆಮೇಲೆ ಗ್ಯಾರೇಜಿಗೆ ಹೋದ್ರೆ ಅಲ್ಲಿ ಇನ್ನೊಂದು ಮಾತು: "ಸೆನ್ಸರ್ ಹೋಗಿರ್ಬೇಕು ಸಾರ್, ಬದಲಾಯಿಸಿ ನೋಡೋಣ." ಮನೆಯವರ ಮಾತನ್ನ ಬಿಟ್ಟುಬಿಡೋಣ, ಅವರ ಕಾರು, ಅವರ ದುಡ್ಡು. ನನ್ನ ತಕರಾರು ಇರೋದು ಎರಡನೇ ಮಾತಿನ ಮೇಲೆ. "ಬದಲಾಯಿಸಿ ನೋಡೋಣ" ಅನ್ನೋದು ರಿಪೇರಿ ಅಲ್ಲ, ಊಹೆ. ಬೇಜಾರಿನ ಸಂಗತಿ ಅಂದ್ರೆ ನಾಲ್ಕು ವರ್ಷ ಎಂಜಿನಿಯರಿಂಗ್ ಓದೋ ನಾವೂ ಹೆಚ್ಚುಕಮ್ಮಿ ಅದನ್ನೇ ಮಾಡ್ತೀವಿ.

ಒಂದು ಸಾಮಾನ್ಯ ಕೇಸ್ ತಗೊಳ್ಳಿ. ಹತ್ತು ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರು, ಎಂಪಿಎಫ್‌ಐ ಎಂಜಿನ್, ಕೇಬಲ್ ಥ್ರಾಟಲ್. ಭಾನುವಾರ ಬೆಳಗ್ಗೆ ಮನೆ ಮುಂದೆ ನಿಲ್ಲಿಸಿಕೊಂಡು ಏರ್ ಫಿಲ್ಟರ್ ಬದಲಿಸಿದ್ದಾರೆ, ಥ್ರಾಟಲ್ ಬಾಡಿಯ ಮಸಿ ತೆಗೆದಿದ್ದಾರೆ, ಕೂಲಂಟ್ ಬದಲಿಸಿದ್ದಾರೆ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಉಜ್ಜಿ ಹಾಕಿದ್ದಾರೆ. ಅಲ್ಲಿವರೆಗೆ 800 ಆರ್‌ಪಿಎಂ ಸುತ್ತ ಇದ್ದ ಐಡಲ್ ಈಗ 1500. ಸಿಗ್ನಲ್‌ನಲ್ಲಿ ನಿಂತ್ರೆ ಎಂಜಿನ್ ಕೂಗುತ್ತೆ. ವಾರ ಕಳೆದ್ರೂ ಕಮ್ಮಿ ಆಗಿಲ್ಲ.

ಈಗ ಕೇಳಬೇಕಾದ ಪ್ರಶ್ನೆ ಯಾವ ಪಾರ್ಟ್ ಹೋಗಿದೆ ಅಂತ ಅಲ್ಲ. ಶನಿವಾರದಿಂದ ಸೋಮವಾರದೊಳಗೆ ಏನೇನು ಬದಲಾಯ್ತು ಅಂತ. ಕೋಡ್ ಬರೆಯೋ ಗೆಳೆಯರಿಗೆ ಇದು ಹೊಸದಲ್ಲ: ನಿನ್ನೆ ಓಡ್ತಿದ್ದ ಪ್ರೋಗ್ರಾಂ ಇವತ್ತು ಓಡದಿದ್ರೆ ಮೊದಲು ನೋಡೋದು ನಡುವೆ ಸೇರಿಸಿದ ಸಾಲುಗಳನ್ನ. ಭಾನುವಾರ ಒಂದೇ ದಿನ ಸೆನ್ಸರ್ ತಾನಾಗಿ ಸಾಯೋ ಸಂಭವಕ್ಕಿಂತ, ಕೈ ಹಾಕಿದ ನಾಲ್ಕು ಕಡೆಗಳಲ್ಲಿ ಒಂದು ಕಡೆ ಏನೋ ಸಡಿಲ ಉಳಿದಿರೋ ಸಂಭವ ತುಂಬಾ ಜಾಸ್ತಿ.

ನಾಲ್ಕನ್ನೂ ಒಂದೊಂದಾಗಿ ನೋಡೋಣ. ಪೆಟ್ರೋಲ್ ಎಂಜಿನ್ನಿಗೆ ಐಡಲ್ ಅಂದ್ರೆ ಮುಖ್ಯವಾಗಿ ಗಾಳಿಯ ಲೆಕ್ಕ. ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತೆ, ಪಕ್ಕದ ಸಣ್ಣ ದಾರಿಯಲ್ಲಿ ಐಡಲ್ ವಾಲ್ವ್ ಮೂಲಕ ಬೇಕಾದಷ್ಟೇ ಗಾಳಿಯನ್ನ ಇಸಿಯು ಒಳಗೆ ಬಿಡುತ್ತೆ. ಆರ್‌ಪಿಎಂ ಜಾಸ್ತಿ ಆದ್ರೆ ವಾಲ್ವ್ ಮುಚ್ಚುತ್ತೆ, ಕಮ್ಮಿ ಆದ್ರೆ ತೆರೆಯುತ್ತೆ. ಅಪ್ಪಟ ಕ್ಲೋಸ್ಡ್ ಲೂಪ್.

ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಾಗ ಗಾಳಿಯ ಸಂದಿ ಕಿರಿದಾಗುತ್ತೆ, ಅದಕ್ಕೆ ತಕ್ಕಂತೆ ವಾಲ್ವನ್ನ ಜಾಸ್ತಿ ತೆರೆಯೋದನ್ನ ಇಸಿಯು ಕಲಿತಿರುತ್ತೆ. ಮಸಿ ಹೋದ ಮೇಲೆ ಆ ಹಳೆಯ ಲೆಕ್ಕ ತಪ್ಪು. ಬ್ಯಾಟರಿ ಬಿಚ್ಚಿದಾಗ ಎಷ್ಟೋ ಕಾರುಗಳಲ್ಲಿ ಆ ಲೆಕ್ಕವೇ ಅಳಿಸಿಹೋಗುತ್ತೆ. ಎರಡರಲ್ಲೂ ಇಸಿಯು ಮತ್ತೆ ಕಲಿಯಬೇಕು. ಬಹಳಷ್ಟು ಕಾರುಗಳು ಓಡಿಸ್ತಾ ಓಡಿಸ್ತಾ ತಾವೇ ಕಲಿತುಕೊಳ್ಳುತ್ತವೆ. ನಿಸಾನ್‌ನಂಥ ಕೆಲವು ಕಂಪನಿಗಳ ಕಾರಿಗೆ ಮ್ಯಾನುಯಲ್‌ನಲ್ಲಿ ಇದಕ್ಕೆಂದೇ ಒಂದು ಕ್ರಮ ಇದೆ. ನಮ್ಮ ಕೇಸಲ್ಲಿ ವಾರ ಓಡಿಸಿದ್ರೂ ಸರಿಯಾಗಿಲ್ಲ, ಹಾಗಾಗಿ ಈ ಎರಡರ ಮೇಲಿನ ಅನುಮಾನ ಸ್ವಲ್ಪ ಕಮ್ಮಿ.

ಕೂಲಂಟ್ ಬದಲಿಸಿದಾಗ ಒಳಗೆ ಗಾಳಿಗುಳ್ಳೆ ಉಳಿದ್ರೆ, ತಾಪಮಾನದ ಸೆನ್ಸರ್ ನೀರಲ್ಲಿ ಮುಳುಗದೆ ತಪ್ಪು ಓದುತ್ತೆ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಬೇಕಂತಲೇ ಐಡಲ್ ಏರಿಸುತ್ತೆ. ಇದನ್ನ ಪರೀಕ್ಷಿಸೋದು ಸುಲಭ: ಓಬಿಡಿ ರೀಡರ್ ಸಿಕ್ಕಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕೂಲಂಟ್ ತಾಪಮಾನ ನೋಡಿ. 90 ಡಿಗ್ರಿ ಆಸುಪಾಸು ಇರಬೇಕಾದ್ದು 40 ತೋರಿಸ್ತಿದ್ರೆ ಅಥವಾ ಕುಣೀತಿದ್ರೆ ದಾರಿ ಸಿಕ್ಕಿತು. ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕ್ಬೇಡಿ.

ಉಳಿದದ್ದು ಕಳ್ಳಗಾಳಿ. ಫಿಲ್ಟರ್, ಥ್ರಾಟಲ್ ಬಾಡಿ ಬಿಚ್ಚುವಾಗ ಪಕ್ಕದ ಸಣ್ಣ ರಬ್ಬರ್ ಹೋಸ್ ಕಳಚಿರಬಹುದು, ಹಳೆಯ ಗ್ಯಾಸ್ಕೆಟ್ ಹರಿದಿರಬಹುದು, ಕೇಬಲ್ ಬಿಗಿಯಾಗಿ ಕೂತು ಥ್ರಾಟಲ್ ಪೂರ್ತಿ ಮುಚ್ಚದೇ ಇರಬಹುದು. ಇಲ್ಲಿ ಒಂದು ಸ್ವಾರಸ್ಯ ಇದೆ. ಮ್ಯಾನಿಫೋಲ್ಡ್ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇರೋ ಕಾರಲ್ಲಿ, ಕದ್ದು ಬಂದ ಗಾಳಿಯಿಂದ ಒತ್ತಡ ಏರುತ್ತೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತೆ, ಐಡಲ್ ಏರುತ್ತೆ. ಒಳಬರೋ ಗಾಳಿಯನ್ನೇ ಅಳೆಯೋ ಮ್ಯಾಫ್ ಸೆನ್ಸರ್ ಕಾರಲ್ಲಿ, ಸೆನ್ಸರ್ ದಾಟಿ ಬಂದ ಗಾಳಿ ಲೆಕ್ಕಕ್ಕೇ ಸಿಗಲ್ಲ. ಮಿಶ್ರಣ ಲೀನ್ ಆಗಿ ಎಂಜಿನ್ ನಡುಗುತ್ತೆ. ತೂತು ಒಂದೇ, ಲಕ್ಷಣ ಎರಡು. ಯೂಟ್ಯೂಬಲ್ಲಿ ಬೇರೆ ಕಾರಿನ ವಿಡಿಯೋ ನೋಡಿ ಪಾರ್ಟ್ ತರಿಸೋರು ಎಡವೋದು ಇಲ್ಲೇ.

ಇನ್ನೊಂದು ವಿಷಯ. ತೂತು ಸಣ್ಣದಾಗಿದ್ರೆ ಇಸಿಯು ವಾಲ್ವನ್ನ ಅಷ್ಟು ಮುಚ್ಚಿ ಸರಿದೂಗಿಸಿಬಿಡುತ್ತೆ, ನಮಗೆ ಗೊತ್ತೇ ಆಗಲ್ಲ. ವಾಲ್ವ್ ಪೂರ್ತಿ ಮುಚ್ಚಿದ ಮೇಲೂ ಗಾಳಿ ಜಾಸ್ತಿ ಇದ್ರೆ ಮಾತ್ರ ಐಡಲ್ ಏರೋದು. ಆಗ ಬರೋ ಕೋಡ್ ಪಿ0507. ಅದರ ಅರ್ಥ ಐಡಲ್ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಅಷ್ಟೇ. ಅದು ನಿಮಗೆ ಮೊದಲೇ ಗೊತ್ತಿತ್ತು! ಆದ್ರೂ ಆ ಕೋಡ್ ತೋರಿಸಿ ಐಡಲ್ ವಾಲ್ವ್ ಮಾರ್ತಾರೆ. ಪಾಪ, ಆ ವಾಲ್ವ್ ತನ್ನ ಕೈಲಾದಷ್ಟು ಮುಚ್ಚಿಕೊಂಡು ಕೂತಿರುತ್ತೆ.

ಕಳ್ಳಗಾಳಿ ಹಿಡಿಯೋ ವಿಧಾನ ಮೆಕ್ಯಾನಿಕಲ್‌ನವರ ರೆಕಾರ್ಡ್ ಪುಸ್ತಕದಲ್ಲೇ ಇದೆ. ಮೋರ್ಸ್ ಟೆಸ್ಟಲ್ಲಿ ಒಂದೊಂದೇ ಸಿಲಿಂಡರ್ ಕಟ್ ಮಾಡಿ ಏನು ಬದಲಾಗುತ್ತೆ ನೋಡ್ತೀವಲ್ಲ, ಇಲ್ಲಿ ಒಂದೊಂದೇ ಹೋಸ್ ಹಿಡಿದು ಅಮುಕಿ ಆರ್‌ಪಿಎಂ ನೋಡೋದು. ಬ್ರೇಕ್ ಬೂಸ್ಟರ್ ಹೋಸ್ ಅಮುಕಿದಾಗ ಐಡಲ್ ದಢಾರನೆ ಇಳಿದ್ರೆ ಗಾಳಿ ಆ ದಾರಿಯಲ್ಲಿ ಬರ್ತಿದೆ. ಇಳೀಲಿಲ್ಲ ಅಂದ್ರೆ ಮುಂದಿನದು. ಕೈಗೆ ಒಂದು ಪ್ಲೇಯರ್, ಹಲ್ಲಿಗೆ ಸುತ್ತೋಕೆ ಬಟ್ಟೆ ಚೂರು, ಖರ್ಚು ಸೊನ್ನೆ. ಗಾಡಿ ಬಯಲಲ್ಲಿರಲಿ, ಕೈ ಬೆಲ್ಟಿಂದ ದೂರ ಇರಲಿ, ಬಿಸಿ ಎಂಜಿನ್ ಮೇಲೆ ಬೆಂಕಿ ಹತ್ತೋ ಸ್ಪ್ರೇ ಬೇಡ.

ವ್ಯಾಕ್ಯೂಮ್ ಗೇಜ್ ಇದ್ರೆ ಇನ್ನೂ ಒಳ್ಳೇದು, ಆದ್ರೆ ಓದೋದು ಗೊತ್ತಿರಬೇಕು. ಗೇಜ್ ತೋರಿಸೋದು ಹೊರಗಿನ ಗಾಳಿಗೂ ಮ್ಯಾನಿಫೋಲ್ಡಿಗೂ ಇರೋ ವ್ಯತ್ಯಾಸ. ಮಂಗಳೂರಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪಾಸ್ಕಲ್. 900 ಮೀಟರ್‌ಗೂ ಎತ್ತರದ ಬೆಂಗಳೂರಲ್ಲಿ 91ರ ಸುತ್ತ. ಹಾಗಾಗಿ ಅದೇ ಆರೋಗ್ಯವಂತ ಎಂಜಿನ್ ಬೆಂಗಳೂರಲ್ಲಿ ಸುಮಾರು 3 ಇಂಚು ಪಾದರಸದಷ್ಟು ಕಮ್ಮಿ ತೋರಿಸುತ್ತೆ. ಸಮುದ್ರಮಟ್ಟಕ್ಕೆ ಬರೆದ ಪಟ್ಟಿ ಹಿಡಿದು ಬೆಂಗಳೂರಲ್ಲಿ ಕೂತ್ರೆ ಸರಿ ಇರೋ ಎಂಜಿನ್ನಿಗೂ ಕಾಯಿಲೆ ಹಚ್ಚಬಹುದು.

ಗ್ಯಾರೇಜಿನವರ ಪರವಾಗಿಯೂ ಒಂದು ಮಾತು ಇದೆ, ಅದು ನ್ಯಾಯವಾದದ್ದೇ. ದಿನಕ್ಕೆ ಹತ್ತು ಗಾಡಿ ನೋಡೋನಿಗೆ ಒಂದೊಂದೇ ಹೋಸ್ ಅಮುಕ್ತಾ ಕೂರೋಕೆ ಟೈಮಿಲ್ಲ. ಹುಡುಕಿದ್ದಕ್ಕೆ ದುಡ್ಡು ಕೊಡೋಕೆ ನಾವೂ ರೆಡಿ ಇರಲ್ಲ, ಎರಡು ಗಂಟೆ ಹುಡುಕಿ ಒಂದು ಕ್ಲ್ಯಾಂಪ್ ಬಿಗಿ ಮಾಡಿದ್ರೆ "ಇಷ್ಟಕ್ಕೇ ಐನೂರಾ?" ಅಂತೀವಿ. ಪಾರ್ಟ್ ಬದಲಿಸಿದ್ರೆ ಮಾತಾಡದೆ ಕೊಡ್ತೀವಿ. ಅವರಿಗೆ ಆ ಅಭ್ಯಾಸ ಕಲಿಸಿದ್ದರಲ್ಲಿ ನಮ್ಮ ಪಾಲೂ ಇದೆ. ಆದ್ರೆ ನಾವು ವಿದ್ಯಾರ್ಥಿಗಳು, ನಮ್ಮ ಹತ್ರ ಆ ಸಬೂಬು ಇಲ್ಲ. ಟೈಮ್ ಇದೆ, ಥಿಯರಿ ಗೊತ್ತಿದೆ. ಇಲ್ಲದಿರೋದು ಕೆಟ್ಟುಹೋದ ವಸ್ತುವಿನ ಮುಂದೆ ನಿಂತ ಅನುಭವ.

ನಮ್ಮ ಲ್ಯಾಬುಗಳನ್ನೇ ನೋಡಿ. ನಾವು ಹೋಗೋಷ್ಟರಲ್ಲಿ ಎಲ್ಲ ಸೆಟ್ ಆಗಿರುತ್ತೆ. ರೀಡಿಂಗ್ ತಗೊಂಡು, ಗ್ರಾಫ್ ಎಳೆದು, ಸೈನ್ ಹಾಕಿಸ್ಕೊಂಡು ಬರ್ತೀವಿ. ಯಂತ್ರ ಸ್ಟಾರ್ಟ್ ಆಗದಿದ್ರೆ ಲ್ಯಾಬ್ ಅಸಿಸ್ಟೆಂಟ್ ಬಂದು ಸರಿ ಮಾಡ್ತಾರೆ, ನಾವು ಹೊರಗೆ ನಿಂತು ಟೀ ಕುಡೀತೀವಿ. ನಿಜವಾದ ಪಾಠ ನಡೆಯೋ ಆ ಹದಿನೈದು ನಿಮಿಷ ನಮ್ಮ ಸಿಲೆಬಸ್ಸಲ್ಲಿಲ್ಲ.

ಹಾಗಾಗಿ ವಿಭಾಗದ ಗುರುಗಳಲ್ಲಿ ಒಂದು ಕೋರಿಕೆ: ಸೆಮಿಸ್ಟರಿಗೆ ಒಂದೇ ಒಂದು ಲ್ಯಾಬ್ ಅವಧಿ, ಕೆಟ್ಟ ಯಂತ್ರದ ಜೊತೆ ಕೊಡಿ. ಒಂದು ಹೋಸ್ ಕಳಚಿಡಿ, ಒಂದು ಸೆನ್ಸರ್ ಕನೆಕ್ಟರ್ ಸಡಿಲಿಸಿಡಿ, ನಾವು ಹುಡುಕ್ತೀವಿ. ಹೊಸ ಬಜೆಟ್ ಬೇಕಾಗಿಲ್ಲ. ಮಾರ್ಕ್ಸನ್ನ ಉತ್ತರಕ್ಕೆ ಕೊಡಬೇಡಿ, ಯಾವ ಕ್ರಮದಲ್ಲಿ ಹುಡುಕಿದ್ವಿ, ಯಾವುದನ್ನ ಯಾವ ಪರೀಕ್ಷೆಯಿಂದ ಕೈಬಿಟ್ವಿ ಅನ್ನೋದಕ್ಕೆ ಕೊಡಿ. ವೈವಾದಲ್ಲಿ ಕೇಳೋಕೆ ಒಂದೇ ಪ್ರಶ್ನೆ ಸಾಕು: "ಈ ಪಾರ್ಟೇ ಹೋಗಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?"